ಈರುಳ್ಳಿ ಇಲ್ಲದ ವರ್ಷ

ಅತ್ಸೆದಮ್ಮನ ಮನೆಗೆ ಒಂದು ವರ್ಷದಿಂದ ಈರುಳ್ಳಿ ಬಂದಿಲ್ಲವೆಂದು ಮೊದಲು ಕಂಡುಹಿಡಿದವಳು ನಾನು. ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಬೇಲಿ. ಆಚೆ ಏನು ಬೇಯುತ್ತಿದೆಯೆಂದು ಮೂಗಿಗೆ ತಿಳಿಯದಿದ್ದರೆ ನೆರೆಮನೆಯವಳಾಗಿ ಏನು ಸುಖ? ನಮ್ಮ ಕಡೆ ಯಾವ ಸಾರಾದರೂ ಮೊದಲು ಈರುಳ್ಳಿ ಬೇಯಬೇಕು, ಎಣ್ಣೆ, ಖಾರ ಎಲ್ಲ ಆಮೇಲೆ. ಅವರ ಒಲೆಯಿಂದ ಮಾತ್ರ ಬರೀ ಕಡಲೆಹಿಟ್ಟು ಕುದಿಯುವ ವಾಸನೆ. "ಈರುಳ್ಳಿಗೂ ಸೂತಕವೇನೇ?" ಎಂದು ಸೊಸೆ ವಗಾಯೆಯನ್ನು ಒಮ್ಮೆ ಕೇಳಿದೆ.

"ಅತ್ತೆ ಬೇಡ ಅಂದ್ರು. ಯಾಕೆ ಅಂತ ಹೇಳಲ್ಲ. ನೀವೇ ಕೇಳಿ ಅಲ್ಗಕ್ಕ. ನಿಮಗೆ ಬೈದ್ರೆ ಬೇಲಿಯಾಚೆ ಓಡಿಹೋಗಬಹುದು."

ನಾನು ಕೇಳಲಿಲ್ಲ. ಸಾವಾದ ಮನೆಯಲ್ಲಿ ಕೆಲವು ಮಾತು ಕೇಳಬಾರದು ಎಂಬಷ್ಟು ಬುದ್ಧಿ ನನಗೂ ಇದೆ.

ಸತ್ತವನು ಮೆಕುರಿಯಾ. ಅತ್ಸೆದಮ್ಮನಿಗೆ ಒಬ್ಬನೇ ಮಗ, ವಗಾಯೆಯ ಗಂಡ, ಹತ್ತು ವರ್ಷದ ಹುಡುಗಿ ಹಿರುತ್‌ಗೆ ಅಪ್ಪ. ಗಾರೆ ಕೆಲಸದವನು. ಹೋದ ವರ್ಷ ಫಾಸಿಕಾ ಹಬ್ಬಕ್ಕೆ, ಅಂದರೆ ಕ್ರಿಸ್ತ ಎದ್ದು ಬಂದ ದಿನಕ್ಕೆ, ನಾಲ್ಕು ದಿನ ಇರುವಾಗ ನೀಲಗಿರಿ ಕಂಬಗಳ ಅಟ್ಟಣೆಯಿಂದ ಕಾಲು ಜಾರಿ ಬಿದ್ದ. ಸಂಜೆಗೆಲ್ಲ ಮಣ್ಣು ಮಾಡಿದೆವು. ಹಬ್ಬದ ಹಿಂದಿನ ಆ ವಾರ ನಮ್ಮ ಇಗರ್ಜಿಯಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಓದುವುದಿಲ್ಲ, ಧೂಪ ಹಾಕುವುದಿಲ್ಲ. ವಾರದ ಮೊದಲ ದಿನ, ಗರಿಗಳ ಭಾನುವಾರ, ಬದುಕಿರುವ ಎಲ್ಲರ ತಲೆಯ ಮೇಲೂ ಆ ಪ್ರಾರ್ಥನೆಯನ್ನು ಮುಂಚಿತವಾಗಿ ಓದಿಬಿಡುತ್ತಾರೆ. ವಾರದೊಳಗೆ ಯಾರು ಹೊರಟರೂ ಅದೇ ಅವರ ಬುತ್ತಿ.

ಅಂದಿನಿಂದ ಅತ್ಸೆದಮ್ಮ ಕಪ್ಪು ಬಟ್ಟೆ ಬಿಡಲಿಲ್ಲ. ಮಂಚ ಬಿಟ್ಟು ನೆಲದ ಚಾಪೆಗೆ ಇಳಿದವರು ಹಗಲೆಲ್ಲ ಅಲ್ಲೇ ಕೂತು ಹತ್ತಿ ನೂಲುತ್ತಿದ್ದರು. ಹೋದ ವರ್ಷ ಆ ಮನೆಯಲ್ಲಿ ಹಬ್ಬವೇ ಇಲ್ಲ. ಅದೇನೋ ಸರಿ, ಮಣ್ಣು ಒಣಗಿರಲಿಲ್ಲ. ಆದರೆ ವರ್ಷವಿಡೀ ಮದುವೆಗೆ, ಹೆರಿಗೆಗೆ, ಯಾವುದಕ್ಕೂ ಅವರು ಬಾಯಿ ತೆರೆಯಲಿಲ್ಲ. ಸಂತೋಷದ ಹೊತ್ತಿಗೆ ನಾವು ಹೆಂಗಸರು ಇಲಿಲಿಲಿ ಎಂದು ನಾಲಗೆ ಕುಣಿಸಿ ಕೂಗು ಹಾಕುತ್ತೇವಲ್ಲ, ಅದರಲ್ಲಿ ಈ ಬೆಟ್ಟದ ಸಾಲಿಗೇ ಅತ್ಸೆದಮ್ಮನನ್ನು ಮೀರಿಸಿದವರಿರಲಿಲ್ಲ. ಅವರು ಕೂಗಿದರೆ ಕಣಿವೆಯಾಚೆಯವರು ಯಾರ ಮನೆಯಲ್ಲಿ ಗಂಡುಮಗುವೋ ಎಂದು ಕೇಳಿ ಕಳಿಸುತ್ತಿದ್ದರು.

ಈ ವರ್ಷ ಫಾಸಿಕಾಗೆ ಮುಂಚಿನ ಉಪವಾಸ ಶುರುವಾಗಿ ಎರಡನೆಯ ವಾರ. ಐವತ್ತೈದು ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಮಧ್ಯಾಹ್ನ ಮೂರರವರೆಗೆ ನೀರೂ ಇಲ್ಲ. ಮೂರು ಗಂಟೆಯ ಮೇಲೆ ಅವರ ಮನೆಯಲ್ಲಿ ಕಾಫಿಗೆ ಕೂತಿದ್ದೆವು. ವಗಾಯೆ ಎರಡನೆಯ ಸುತ್ತಿನ ಕಾಫಿ ಬಗ್ಗಿಸುತ್ತಾ, "ಅತ್ತೆ, ಈ ಸಲ ಹಬ್ಬ ಮಾಡ್ತೀನಿ," ಎಂದಳು.

ಅತ್ಸೆದಮ್ಮ ನೂಲುತ್ತಲೇ, "ಮಾಡ್ಕೊ. ನಿನ್ನ ಒಲೆ, ನಿನ್ನ ಕೈ," ಎಂದರು.

"ನೀವೂ ಕೂತು ಊಟ ಮಾಡಬೇಕು."

"ಹಬ್ಬದ ಸಾರಿಗೆ ಕೋಳಿಯನ್ನ ಸರಿಯಾಗಿ ಹನ್ನೆರಡು ತುಂಡು ಮಾಡೋಕೆ ಬರುತ್ತಾ ನಿನಗೆ? ಮದುವೆಯಾಗಿ ಹನ್ನೊಂದು ವರ್ಷ, ಒಂದು ಸಲ ಹದಿಮೂರು ಬರುತ್ತೆ, ಇನ್ನೊಂದು ಸಲ ಹತ್ತು. ಹಬ್ಬ ಮಾಡ್ತಾಳಂತೆ."

ವಗಾಯೆಯ ಮುಖ ಕೆಂಪಾಯಿತು. ಆದರೆ ನನಗೆ ಒಳಗೊಳಗೇ ಖುಷಿ. ವರ್ಷದಲ್ಲಿ ಮೊದಲ ಸಲ ಮುದುಕಿ ಕೊಂಕು ಮಾತಾಡಿದ್ದರು.

ಮರುದಿನ ವಗಾಯೆ ಸಂತೆಯಿಂದ ಒಂದು ಕೆಂಪು ಹುಂಜ ತಂದಳು. ಅವಳು ಹುಳಿಹಿಟ್ಟಿನ ಅಗಲವಾದ ಇಂಜೆರಾ ರೊಟ್ಟಿ ಸುಟ್ಟು ಹೋಟೆಲಿಗೆ ಹಾಕುವವಳು. ಮಿಕ್ಕ ಚೂರೆಲ್ಲ ಹುಂಜಕ್ಕೆ. ಹಿರುತ್ ಅದಕ್ಕೆ 'ದಂಡನಾಯಕ' ಎಂದು ಹೆಸರಿಟ್ಟು, ನಾಲ್ಕೇ ವಾರದಲ್ಲಿ ಬೇಲಿ ಹಾರಲಾಗದಷ್ಟು ಕೊಬ್ಬಿಸಿದಳು. ಹಬ್ಬದ ದಿನ ಯಾರಿಗೆ ಯಾವ ತುಂಡು ಎಂದೂ ಅವಳು ಆಗಲೇ ಹಂಚಿದ್ದಳು.

"ಕಾಲು ನಂದು, ರೆಕ್ಕೆ ಅಲ್ಗತ್ತೆಗೆ. ಬೆನ್ನಿನ ದೊಡ್ಡ ತುಂಡು ಯಾರಿಗೆ ಅಜ್ಜಿ? ಅದು ಅಪ್ಪಂದು."

ಅತ್ಸೆದಮ್ಮ ಕೈಯಲ್ಲಿದ್ದ ಕದಿರು ನಿಲ್ಲಿಸಿದರು.

ಅದೇ ವಾರ ವಗಾಯೆ ಶಾಲಿನ ತುದಿಯಲ್ಲಿ ನಾಲ್ಕು ಈರುಳ್ಳಿ ಕಟ್ಟಿಕೊಂಡು ಬಂದಳು. "ಮಗು ಸಪ್ಪೆ ತಿಂದು ತಿಂದು ಬಡಕಲಾಗಿದೆ ಅತ್ತೆ" ಎಂಬ ಮಾತು ಬೇಲಿಯಾಚೆಗೂ ಕೇಳಿತು. ಬೆನ್ನಿಗೇ ನಾಲ್ಕು ಈರುಳ್ಳಿಯೂ ಒಂದೊಂದಾಗಿ ನನ್ನ ಅಂಗಳಕ್ಕೆ ಬಂದು ಬಿದ್ದವು. ಸುಳ್ಳು ಯಾಕೆ ಹೇಳಲಿ, ನಾನು ಸಾರಿಗೆ ಹಾಕಿದೆ.

ಗರಿಗಳ ಭಾನುವಾರಕ್ಕೆ ಇನ್ನೂ ಐದು ದಿನವಿತ್ತು. ವಗಾಯೆ ರೊಟ್ಟಿ ಕೊಟ್ಟು ಬರುವಷ್ಟರಲ್ಲಿ ದಂಡನಾಯಕನಿಲ್ಲ. ಹಿರುತ್ ಬೇಲಿಯುದ್ದಕ್ಕೂ ಹುಡುಕಿ ಅಳುತ್ತಾ ಕೂತಳು. ಅತ್ಸೆದಮ್ಮ ಚಾಪೆಯ ಮೇಲಿಂದಲೇ, "ಅಬ್ಬಾ ಕಿನ್ಫೆ ಬಂದಿದ್ರು. ಇಗರ್ಜಿಗೆ ಅಂತ ಕೊಟ್ಟುಬಿಟ್ಟೆ," ಎಂದರು. ಅಬ್ಬಾ ಕಿನ್ಫೆ ಅವರ ಮನೆಗೂ ನಮ್ಮ ಮನೆಗೂ ಪಾದ್ರಿ. ಪಾಪ ನಿವೇದನೆ ಕೇಳುವವರು ಅವರೇ.

"ಯಾರನ್ನ ಕೇಳಿ ಕೊಟ್ರಿ?"

"ನನ್ನ ಮನೇಲಿ ನಾನು ಯಾರನ್ನ ಕೇಳಬೇಕು?"

"ಒಲೆ ನಂದು ಅಂದ್ರಿ, ಕೈ ನಂದು ಅಂದ್ರಿ. ಹುಂಜ ಮಾತ್ರ ನಿಮ್ಮದಾಯ್ತಾ? ಆ ಮಗು ಮುಖ ನೋಡಿ ಅತ್ತೆ. ಅದಕ್ಕೂ ಹೊಟ್ಟೆ ಇಲ್ವಾ, ಹಬ್ಬ ಇಲ್ವಾ?"

"ಇದೆ. ನೆರೆಮನೇಲಿ ತಿನ್ನಲಿ. ನನ್ನ ಕಣ್ಣ ಮುಂದೆ ಬೇಡ."

ನಾನು ನಡುವೆ ಹೋಗಿ ಸೊಸೆಯನ್ನು ಎಳೆದುಕೊಂಡು ಬಂದೆ. ಅವಳು ನನ್ನ ಅಡುಗೆಮನೆಯಲ್ಲಿ ಕೂತು, "ಹಬ್ಬ ಕಳೀಲಿ, ಮಗಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ. ಈ ಕತ್ತಲೆ ಇನ್ನೊಂದು ವರ್ಷ ನನ್ನಿಂದಾಗಲ್ಲ," ಎಂದಳು. ಕೋಪದ ಮಾತಲ್ಲ ಅದು. ಲೆಕ್ಕ ಹಾಕಿ ಹೇಳಿದ ಮಾತು. ನನಗೆ ಹೆದರಿಕೆಯಾಯಿತು.

ಗರಿಗಳ ಭಾನುವಾರ ಬೆಳಿಗ್ಗೆ ಬಿಳಿ ಶಾಲು ಹೊದ್ದು ಅವರ ಬಾಗಿಲಿಗೆ ಹೋದೆ. ತಾಯಿ ಮಗಳು ಹೊರಟು ನಿಂತಿದ್ದರು. ಅತ್ಸೆದಮ್ಮ ಚಾಪೆ ಬಿಟ್ಟಿರಲಿಲ್ಲ.

"ಅಜ್ಜಿ, ಹೊತ್ತಾಯ್ತು," ಎಂದಳು ಹಿರುತ್.

"ನೀವು ಹೋಗಿ."

"ಅಮ್ಮ, ಈ ಒಂದು ದಿನ ತಪ್ಪಿಸಬಾರದು," ಎಂದೆ ನಾನು. "ನಿಮ್ಮ ವಯಸ್ಸಿಗೆ ವಾರದೊಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆಗಲಿ. ಅದಕ್ಕೇ ಬರಲ್ಲ ಅಂದಿದ್ದು."

ವಗಾಯೆಯ ತಾಳ್ಮೆ ಹರಿಯಿತು. "ಸಾಯೋಕೆ ಅಂತಾನೇ ಕೂತಿದೀರಾ? ಅವರು ಹೋಗಿದ್ದು ನಮಗೂ ಹೋಗಿದ್ದೇ ಅತ್ತೆ. ನೀವೊಬ್ಬರೇ ಹೆತ್ತವರ ಹಾಗೆ..."

"ಹೆತ್ತವಳು ನಾನೊಬ್ಬಳೇ ಕಣೆ," ಎಂದರು ಅತ್ಸೆದಮ್ಮ. ದನಿ ಏರಲಿಲ್ಲ. "ಹೆತ್ತವಳೇ ಕೆಡಿಸಿದ್ದು. ಹೋದ ವರ್ಷ ಇದೇ ದಿನ ಅವನು ಶಾಲು ಹೊದ್ದು ಇಗರ್ಜಿಗೆ ಹೊರಟಿದ್ದ. ನಾನೇ ತಡೆದೆ. ಹಬ್ಬ ಹತ್ರ ಬಂದ್ರೆ ಈರುಳ್ಳಿಗೆ ಬೆಂಕಿ ಬೆಲೆ, ನನ್ನ ತಂಗಿ ಊರಲ್ಲಿ ಸೋವಿ, ಕತ್ತೆ ಹೊಡ್ಕೊಂಡು ಹೋಗಿ ಎರಡು ಚೀಲ ತಾ ಅಂದೆ. 'ಅಮ್ಮ, ಪ್ರಾರ್ಥನೆ?' ಅಂದ. 'ಪ್ರಾರ್ಥನೆ ಮುಂದಿನ ವರ್ಷವೂ ಇರುತ್ತೆ' ಅಂದೆ. ಈ ಬಾಯಲ್ಲೇ ಅಂದೆ. ಬುಧವಾರ ಬಿದ್ದ. ಅವನ ಮೇಲೆ ಭಾನುವಾರವೂ ಓದಲಿಲ್ಲ, ಬುಧವಾರವೂ ಓದಲಿಲ್ಲ."

ನಾನು ಬಾಯಿ ಹಾಕಿದೆ. "ನಲವತ್ತನೇ ದಿನ ಪ್ರಾರ್ಥನೆ ಮಾಡಿಸಿದ್ದೀವಲ್ಲಮ್ಮ. ಊರಿಗೆಲ್ಲ ಊಟ ಹಾಕಿದ್ದೀವಿ."

"ಬಾಗಿಲು ತೆಗೆಯೋದು ಬೇರೆ ಅಲ್ಗಾ, ಒಳಗೆ ಹೋದವರಿಗೆ ಊಟ ಕಳಿಸೋದು ಬೇರೆ. ಎಲ್ಲರೂ ಮಣ್ಣು ಕೊಡವಿ ಎದ್ದು ಬರೋ ದಿನ ಅವನೊಬ್ಬ ಅಲ್ಲೇ ಉಳೀತಾನೆ. ಅವನಿಗಿಲ್ಲದ ಪ್ರಾರ್ಥನೆ ನನಗ್ಯಾಕೆ? ಈ ವಾರ ಸತ್ರೆ ನಾನೂ ಏಳಲ್ಲ. ಅವನ ಜೊತೆಗಿರ್ತೀನಿ."

ಯಾವುದಕ್ಕೂ ಉತ್ತರ ಇಟ್ಟುಕೊಂಡಿರುವ ಅಲ್ಗಾನೆಶ್ ಎಂದು ನನಗೆ ಊರಲ್ಲಿ ಹೆಸರು. ಆ ದಿನ ಮಾತ್ರ ಶಾಲಿನ ಅಂಚು ಸರಿಮಾಡಿಕೊಳ್ಳುತ್ತಾ ನಿಂತೆ. ವಗಾಯೆಯನ್ನು ನೋಡಿದರೆ ಅವಳು ಗೋಡೆ ಹಿಡಿದು ನಿಂತಿದ್ದಳು. ಕಣ್ಣು ಅತ್ತೆಯ ಮೇಲೆ, ಒಂದು ಕೈ ಕುತ್ತಿಗೆಯ ದಾರದ ಮೇಲೆ. ಏನೋ ಹೇಳಲು ಬಾಯಿ ತೆರೆದು, ಹೇಳದೆ, ಮಗಳ ಕೈ ಹಿಡಿದು ಹೊರಟುಬಿಟ್ಟಳು.

ಸೋಮವಾರ, ಮಂಗಳವಾರ, ಬುಧವಾರ ಆ ಮನೆಯಿಂದ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಿರುತ್ ಮಾತ್ರ ದಿನಕ್ಕೆ ಮೂರು ಸಲ ಬಂದು ವರದಿ ಒಪ್ಪಿಸುತ್ತಿದ್ದಳು. "ಅಜ್ಜಿ ಇನ್ನೂ ಬದುಕಿದಾರೆ ಅಲ್ಗತ್ತೆ." ಬುಧವಾರ ಅವಳ ಅಪ್ಪ ಬಿದ್ದ ದಿನ. ಅಂದು ಆ ಹುಡುಗಿ ಬಂದವಳು ನನ್ನ ಮಡಿಲಲ್ಲಿ ಮಲಗಿಬಿಟ್ಟಳು.

ಗುರುವಾರ ಎಲ್ಲರ ಮನೆಯಲ್ಲೂ ಗೋಧಿ ಮತ್ತು ಕಾಳು ಬೇಯಿಸಿ ಹಂಚುವ ಪದ್ಧತಿ. ವಗಾಯೆ ಒಂದು ಬಟ್ಟಲು ತಂದು ನನ್ನ ಮುಂದಿಟ್ಟಳು. ಕುತ್ತಿಗೆಯ ದಾರದಲ್ಲಿದ್ದ ಪುಟ್ಟ ಬಟ್ಟೆಚೀಲ ಬಿಚ್ಚಿ, ಅದರಿಂದ ಒಂದು ಒಣಗಿದ ಉಂಗುರ ತೆಗೆದಳು. ಗರಿಗಳ ಹಬ್ಬದ ದಿನ ಇಗರ್ಜಿಯಲ್ಲಿ ಕೊಡುವ ಗರಿಯನ್ನು ಸೀಳಿ ಹೆಣೆದು ಬೆರಳಿಗೆ ಹಾಕಿಕೊಳ್ಳುತ್ತೇವೆ. ಅಂಥದ್ದು.

"ಹೋದ ವರ್ಷದ್ದು," ಎಂದಳು. "ಅವರು ಕೊಟ್ಟಿದ್ದು. ಈರುಳ್ಳಿ ತರೋಕೆ ಹೋಗ್ತಾ ದಾರೀಲಿ ಕತ್ತೆಯನ್ನ ಇಗರ್ಜಿ ಗೋಡೆ ಪಕ್ಕ ಕಟ್ಟಿ ಒಳಗೆ ಹೋದ್ರಂತೆ. ಪ್ರಾರ್ಥನೆ ಮುಗಿಯೋ ತನಕ ನಿಂತಿದ್ರಂತೆ. ಗಂಡಸರ ಕಡೆ ಹಿಂದೆ ನಿಂತಿದ್ರಿಂದ ನಾವ್ಯಾರೂ ನೋಡಲಿಲ್ಲ. 'ಅಮ್ಮಂಗೆ ಹೇಳಬೇಡ, ಕತ್ತೆ ಬಿಟ್ಟು ಹೋದೆ ಅಂತ ಸಂಜೆವರೆಗೂ ಬೈತಾಳೆ' ಅಂದ್ರು."

ನನ್ನ ಕೈಯಲ್ಲಿದ್ದ ಗೋಧಿ ಹಾಗೇ ಉಳಿಯಿತು. "ಭಾನುವಾರದಿಂದ ನಾಲ್ಕು ದಿನ ಆಯ್ತಲ್ಲೇ. ಯಾಕೆ ಬಾಯಿ ಬಿಡಲಿಲ್ಲ?"

"ಕೊಟ್ರೆ ವಾಪಸ್ ಬರಲ್ಲ ಅಲ್ಗಕ್ಕ. ಅವರ ಹುಟ್ಟು, ಆಟ, ಪಾಠ ಎಲ್ಲ ಅತ್ತೆ ಹತ್ರಾನೇ ಇದೆ. ನನಗೆ ಅಂತ ಕೊನೇಲಿ ಕೊಟ್ಟಿದ್ದು ಇದೊಂದೆ." ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ, "ಅತ್ತೆ ಮೇಲೆ ಕೋಪವೂ ಇತ್ತು. ಒಂದು ದಿನ ನರಳಲಿ ಅನ್ನಿಸ್ತು. ಒಂದು ದಿನ ನಾಲ್ಕಾಯ್ತು. ಈಗ ಹೇಳೋಕೆ ನಾಚಿಕೆ," ಎಂದಳು.

ಬೈಗುಳ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮುದುಕಿ ಇವತ್ತೇ ಕಣ್ಣು ಮುಚ್ಚಿದ್ರೆ ಆ ಉಂಗುರ ಜೀವಮಾನವಿಡೀ ನಿನ್ನ ಬೆರಳು ಸುಡುತ್ತೆ ಕಣೆ," ಎಂದಷ್ಟೇ ಹೇಳಿದೆ.

ಶುಭ ಶುಕ್ರವಾರ ಬೆಳಿಗ್ಗೆ ಅವಳು ನನ್ನನ್ನೂ ಜೊತೆಗೆ ಕರೆದಳು. ಚಾಪೆಯ ಮುಂದೆ ಮಂಡಿಯೂರಿ, ಉಂಗುರವನ್ನು ಅತ್ತೆಯ ಅಂಗೈಯಲ್ಲಿಟ್ಟು, ಎಲ್ಲ ಹೇಳಿದಳು. ನಾಲ್ಕು ದಿನ ಮುಚ್ಚಿಟ್ಟದ್ದನ್ನೂ ಹೇಳಿದಳು.

ಅತ್ಸೆದಮ್ಮ ಉಂಗುರವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಮುದುಕಿ ಎದ್ದು ಕೂರಲಿ ಅಂತ ನೀವಿಬ್ಬರೂ ಸೇರಿ ಕಟ್ಟಿದ ಕತೆ ಇದು."

"ಕತೆ ಕಟ್ಟೋಳಾಗಿದ್ರೆ ಹೋದ ವರ್ಷವೇ ಕಟ್ತಿದ್ದೆ ಅತ್ತೆ. ಆ ಕತ್ತೆ ಅಲ್ಲೇನು ಮಾಡಿತ್ತು ಗೊತ್ತಾ? ಗೋಡೆಗೆ ಒರಗಿಸಿಟ್ಟಿದ್ದ ಗರಿಯ ಕಂತೇಲಿ ಅರ್ಧ ತಿಂದು ಹಾಕಿತ್ತಂತೆ. ಗರಿ ಮಾರೋ ಮುದುಕ ಕೋಲು ಹಿಡ್ಕೊಂಡು ಇವರ ಬೆನ್ನು ಹತ್ತಿದ್ನಂತೆ. ಹೇಳ್ತಾ ಹೇಳ್ತಾ ಎಷ್ಟು ನಕ್ಕಿದ್ರು ಅಂತೀರಿ."

ಅತ್ಸೆದಮ್ಮನ ಕೈ ನಿಂತಲ್ಲೇ ನಿಂತಿತು. ಅವರು ನನ್ನ ಕಡೆಗೂ ಅಲ್ಲ, ಸೊಸೆಯ ಕಡೆಗೂ ಅಲ್ಲ, ಬಾಗಿಲ ಕಡೆ ನೋಡುತ್ತಾ ಹೇಳಿದರು. "ಆ ಸಂಜೆ ಕತ್ತೆ ಮೇವು ಮೂಸಲಿಲ್ಲ. ಹೊಟ್ಟೆ ಉಬ್ಬರ ಅಂದ್ಕೊಂಡು ನಾನೇ ಶುಂಠಿ ನೀರು ಕುಡಿಸಿದೆ. ಅವನು ಬಾಗಿಲಲ್ಲಿ ನಿಂತು ನಗ್ತಾ ಇದ್ದ. ಯಾಕೋ ನಗ್ತೀಯ, ಕತ್ತೆ ಸಾಯ್ತಿದೆ ಅಂತ ಬೈದೆ."

ಆ ಕತ್ತೆ ಹಿತ್ತಲಲ್ಲಿ ನಿಂತು ವರ್ಷವಿಡೀ ನಮ್ಮೆಲ್ಲರ ಮುಖ ನೋಡಿತ್ತು.

"ನಿಂತಿದ್ದನಾ ವಗಾಯೆ? ಕೊನೇವರೆಗೂ?"

"ನಿಂತಿದ್ರು ಅತ್ತೆ."

ಆಮೇಲೆ ಅವರು ಅತ್ತರು. ವರ್ಷದಿಂದ ಅಳದವರು ಅತ್ತರೆ ಹೇಗಿರುತ್ತದೆಂದು ನಾನು ಬರೆಯಲಾರೆ. ಸೊಸೆಯ ತಲೆ ಅವರ ಮಡಿಲಲ್ಲಿತ್ತು. ಅಳು ನಿಂತ ಮೇಲೆ ಉಂಗುರವನ್ನು ಅವಳ ಬೆರಳಿಗೇ ಮತ್ತೆ ಹಾಕಿ, "ಇದು ನಿಂದು. ನನಗೆ ಕತ್ತೆ ಸಾಕು," ಎಂದರು.

ಇಂಥ ಹೊತ್ತಲ್ಲೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಮ್ಮ, ಈ ವರ್ಷದ ಪ್ರಾರ್ಥನೆ ನೀವು ತಪ್ಪಿಸಿದೀರಿ. ಭಾನುವಾರದ ತನಕ ದಯವಿಟ್ಟು ಸಾಯಬೇಡಿ."

"ಸಾಯೋಕೆ ಪುರುಸೊತ್ತು ಎಲ್ಲಿದೆ? ಹುಂಜ ವಾಪಸ್ ತರಬೇಕು," ಎಂದು ಅತ್ಸೆದಮ್ಮ ಗೋಡೆ ಹಿಡಿದು ಎದ್ದರು.

ಅಂದು ಇಗರ್ಜಿಯಂಗಳದಲ್ಲಿ ಊರೆಲ್ಲ ನೆಲಕ್ಕೆ ಹಣೆ ಹಚ್ಚಿ ಎದ್ದು, ಮತ್ತೆ ಹಣೆ ಹಚ್ಚುತ್ತಿತ್ತು. ಮಂಡಿನೋವಿನ ಅತ್ಸೆದಮ್ಮ ನೂರರವರೆಗೆ ಬಿಡಲಿಲ್ಲ. ಹಿರುತ್ ಪಕ್ಕದಲ್ಲಿ ನಿಂತು ಎಣಿಸುತ್ತಾ, "ಅಜ್ಜಿ, ಸಾಕು, ಅಲ್ಗತ್ತೆ ಸಾಯಬೇಡಿ ಅಂದಿದಾರೆ," ಎಂದು ಪಿಸುಗುಟ್ಟುತ್ತಿದ್ದಳು.

ಶನಿವಾರ ಪಾದ್ರಿಗಳು ಗಂಟೆ ಬಾರಿಸುತ್ತಾ ಮನೆಮನೆಗೆ ಹಸಿರು ಜೊಂಡು ತರುತ್ತಾರೆ. ಅದನ್ನು ಸೀಳಿ ಹಣೆಗೆ ಕಟ್ಟಿಕೊಂಡರೆ ಒಳ್ಳೆಯ ಸುದ್ದಿ ಹತ್ತಿರ ಬಂತೆಂದು ಅರ್ಥ. ಅಬ್ಬಾ ಕಿನ್ಫೆ ಬರುವವರೆಗೆ ಅತ್ಸೆದಮ್ಮ ಕಾಯಲಿಲ್ಲ. ಬೆಳಿಗ್ಗೆಯೇ ಅವರ ಅಂಗಳಕ್ಕೆ ನಡೆದರು. ನಾವು ಮೂವರೂ ಹಿಂದೆ.

"ಕೊಟ್ಟದ್ದನ್ನ ಕೇಳಬಾರದು ಅಬ್ಬಾ. ಕೇಳ್ತಿದೀನಿ," ಎಂದು ಶುರುಮಾಡಿ, ಈರುಳ್ಳಿ, ಉಂಗುರ, ಕತ್ತೆ ಎಲ್ಲ ಹೇಳಿದರು.

ಅಬ್ಬಾ ಕೇಳಿಸಿಕೊಂಡು ಬಹಳ ಹೊತ್ತು ಗಡ್ಡ ಸವರಿದರು. "ಅತ್ಸೆದೆ, ಅವನು ಕತ್ತೆ ಕಟ್ಟದೆ ಸೀದಾ ಈರುಳ್ಳಿಗೆ ಹೋಗಿದ್ರೂ ಏಳ್ತಿದ್ದ. ಸಮಾಧಿ ಒಡೆದು ಬಂದವನು ಹಾಜರಿ ತಗೋತಾನಾ? ಆ ಪ್ರಾರ್ಥನೆ ಬಂದವರಿಗೂ ಹೌದು, ಬಾರದವರಿಗೂ ಹೌದು. ನಿನಗೂ ಹೌದು."

"ಇದನ್ನ ಹೋದ ವರ್ಷ ಹೇಳೋದಲ್ವಾ?"

"ನೀನು ಹೋದ ವರ್ಷ ಕೇಳೋದಲ್ವಾ?" ಎಂದು ಅಬ್ಬಾ ಎದ್ದು ಜೊಂಡಿನ ಎಳೆಯೊಂದನ್ನು ಅವರ ಕಪ್ಪು ತಲೆವಸ್ತ್ರದ ಮೇಲೆ ಕಟ್ಟಿದರು. "ಹುಂಜ ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ. ಹನ್ನೊಂದು ದಿನದಿಂದ ಸಾಕಾಗಿದೆ. ಎರಡು ಗಂಟೆಗೇ ಕೂಗುತ್ತೆ."

ಹಿಂದಿರುಗುವ ದಾರಿಯಲ್ಲಿ ಅತ್ಸೆದಮ್ಮ ಸಂತೆಯಲ್ಲಿ ನಿಂತು, ಬೆಂಕಿಯ ಬೆಲೆಯಲ್ಲೇ ಈರುಳ್ಳಿ ತೆಗೆದುಕೊಂಡರು. ಚೌಕಾಸಿ ಮಾಡಲಿಲ್ಲ. ಹೆಂಗಸರು ಕೋಳಿ ಕೊಯ್ಯುವಂತಿಲ್ಲವಾದ್ದರಿಂದ ನನ್ನ ಗಂಡ ಬಂದು ಕೊಯ್ದು ಕೊಟ್ಟ. ಹಿರುತ್ ಆ ಹೊತ್ತು ಕಿವಿ ಮುಚ್ಚಿಕೊಂಡು ನಮ್ಮ ಮನೆಯಲ್ಲಿ ಕೂತಿದ್ದಳು. ಅತ್ತೆ ಸೊಸೆ ಎದುರುಬದುರು ಕೂತು ಒಂದು ಬುಟ್ಟಿ ಈರುಳ್ಳಿ ಹೆಚ್ಚಿದರು. ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು, ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಜೆಯ ಹೊತ್ತಿಗೆ ಆ ವಾಸನೆ ಬೇಲಿ ದಾಟಿ ಬಂತು. ನಾನು ಕೆಲಸ ಬಿಟ್ಟು 'ಸ್ವಾಮಿ ದೇವರೇ' ಎಂದು ಅಂಗಳದಲ್ಲಿ ನಿಂತುಬಿಟ್ಟೆ.

"ಇಲ್ಲಿ ಕೀಲಿದೆ ನೋಡು, ಕತ್ತಿ ಇಲ್ಲಿ ಇಡು," ಎಂಬ ದನಿ ಕೇಳುತ್ತಿತ್ತು. "ಈಗ ಎಣಿಸು."

"ಹನ್ನೆರಡು ಅತ್ತೆ."

"ಹನ್ನೊಂದು ವರ್ಷ ಬೇಕಾಯ್ತು."

ಆ ರಾತ್ರಿ ಇಡೀ ಊರು ಇಗರ್ಜಿಯಲ್ಲಿತ್ತು. ನಾನು ಐವತ್ತು ಸಲ ಕಂಡ ಹಬ್ಬ ಅದು. ನಿಂತಲ್ಲೇ ತೂಕಡಿಸುವುದನ್ನೂ ಕಲಿತಿದ್ದೇನೆ. ಅತ್ಸೆದಮ್ಮ ಮಾತ್ರ ಹೆಂಗಸರ ಸಾಲಿನ ಮುಂದೆ ನೆಟ್ಟಗೆ ನಿಂತಿದ್ದರು. ಮೈಮೇಲೆ ಕಪ್ಪಿರಲಿಲ್ಲ, ಪೆಟ್ಟಿಗೆಯ ಮಡಿಕೆ ಇನ್ನೂ ಬಿಡದ ಬಿಳಿ ಶಾಲು. ಕೋಳಿ ಕೂಗುವ ಹೊತ್ತಿಗೆ ದೀಪಗಳೆಲ್ಲ ಆರಿದವು. ಒಳಗಿನಿಂದ ಅಬ್ಬಾ ಕಿನ್ಫೆ ಒಂದೇ ಒಂದು ಮೇಣದ ಬತ್ತಿ ಹಿಡಿದು ಬಂದು, ಕ್ರಿಸ್ತ ಸತ್ತವರೊಳಗಿಂದ ಎದ್ದ ಎಂದರು.

ಜನ ಉತ್ತರ ಕೊಡುವ ಮೊದಲೇ ಆ ಕೂಗು ಎದ್ದಿತು. ಮೊದಲು ಸಣ್ಣಗೆ, ವರ್ಷದಿಂದ ಬಳಸದ ಗಂಟಲು ತಡವರಿಸುತ್ತಾ. ಆಮೇಲೆ ತುಂಬಿಕೊಂಡಿತು. ಇಲಿಲಿಲಿಲಿ ಎಂದು ಮಾಡಿಗೆ ಮುಟ್ಟಿ, ಬಾಗಿಲು ದಾಟಿ, ಹಿಂದಿನ ಗೋರಿಗಳ ಕಡೆಗೆ ಹೋಯಿತು. ಸಾವಿರ ಜನ ಇದ್ದೆವು. ಒಬ್ಬರೂ ಕೆಮ್ಮಲಿಲ್ಲ. ಆ ಕೂಗು ಅಲ್ಲಿ ಮಲಗಿದ್ದವರಿಗೆ ಕೇಳಿಸುತ್ತಿದೆ ಎಂದು ನನಗೆ ಆ ಕ್ಷಣ ಗೊತ್ತಿತ್ತು, ಊಹೆಯಲ್ಲ, ಗೊತ್ತಿತ್ತು. ನಂಬಿಕೆ ಎಂದು ಬಾಯಲ್ಲಿ ಹೇಳಿಕೊಂಡು ಬಂದದ್ದೆಲ್ಲ ಇಷ್ಟು ದೊಡ್ಡದೆಂದು ನನಗೆ ತಿಳಿದಿರಲಿಲ್ಲ. ಅವರು ಉಸಿರು ಎಳೆದುಕೊಂಡ ಮೇಲೆ ವಗಾಯೆ ಕೂಗಿದಳು, ಹಿರುತ್ ಕೂಗಿದಳು, ಆಮೇಲೆ ನಾವೆಲ್ಲರೂ.

ಬೆಳಕು ಹರಿಯುವಾಗ ನಾವು ಎರಡು ಮನೆಯವರೂ ಒಂದೇ ತಟ್ಟೆಯ ಸುತ್ತ ಕೂತಿದ್ದೆವು. ಇಂಜೆರಾ ರೊಟ್ಟಿಯ ಮೇಲೆ ಕೆಂಪು ಗಟ್ಟಿ ಸಾರು, ಹನ್ನೆರಡು ತುಂಡು, ಹನ್ನೆರಡು ಮೊಟ್ಟೆ. ಹಿರುತ್ ದಂಡನಾಯಕನಿಗಾಗಿ ಒಂದು ನಿಮಿಷ ಅತ್ತು, ಆಮೇಲೆ ಕಾಲು ತೆಗೆದುಕೊಂಡಳು. ಬೆನ್ನಿನ ದೊಡ್ಡ ತುಂಡು ತಟ್ಟೆಯ ನಡುವೆ ಉಳಿಯಿತು. ಯಾರೂ ಅದರ ಕಡೆ ಕೈ ಚಾಚಲಿಲ್ಲ.

"ಅದು ಅಪ್ಪಂದು," ಎಂದಳು ಹಿರುತ್ ಮೆಲ್ಲಗೆ.

"ಹೌದು, ಅವನ ಪಾಲು," ಎಂದರು ಅತ್ಸೆದಮ್ಮ. ಮಾಂಸ ಬಿಡಿಸಿ, ರೊಟ್ಟಿಯಲ್ಲಿ ಸುತ್ತಿ, ದೊಡ್ಡ ತುತ್ತು ಮಾಡಿ ಸೊಸೆಯ ಬಾಯಿಯ ಹತ್ತಿರ ಹಿಡಿದರು. ವಗಾಯೆ ತಲೆಯಾಡಿಸಿದಳು. ಕೈ ಹಿಂದಕ್ಕೆ ಹೋಗಲಿಲ್ಲ.

"ತಿನ್ನು ಮಗಳೇ. ಅವನು ಎದ್ದು ಬಂದ ದಿನ ನನ್ನ ಪಾಲೆಲ್ಲಿ ಅಂತ ಮೊದಲು ನನ್ನನ್ನೇ ಕೇಳ್ತಾನೆ. ನಿನ್ನ ಹೆಂಡತಿಗೆ ತಿನ್ನಿಸಿದೆ ಕಣೋ ಅಂತ ಹೇಳ್ತೀನಿ."